ಗಾಜಿನಲ್ಲಿ ನೀರು ಕಾಣದಾದಾಗ

ಹೋದ ವಾರ ಹರಿಹರದ ಬಸ್ಸು ಹಳೆಯ ರಸ್ತೆಯಲ್ಲಿ, ಒಂದು ಅಕ್ಕಿ ಗಿರಣಿಯ ಗೇಟಿನೆದುರು, ಲಾರಿಗಳ ನಡುವೆ ಸಿಕ್ಕಿಕೊಂಡು ಐದು ನಿಮಿಷ ನಿಂತಿತು. ಕಿಟಕಿಯಿಂದ ಬೇಯುತ್ತಿರುವ ಭತ್ತದ ವಾಸನೆ ಬಂತು. ಅದರ ಬೆನ್ನಿಗೇ ಒದ್ದೆ ಹೊಟ್ಟು ಉರಿಯುವ ಕಹಿ ಹೊಗೆ. ಪಕ್ಕದವರು ಕರ್ಚೀಫನ್ನು ಮೂಗಿಗೆ ಹಿಡಿದರು. ನನ್ನ ಬಲಗೈ ಮಾತ್ರ ತೊಡೆಯ ಮೇಲಿದ್ದ ಚೀಲವನ್ನು ಬಿಟ್ಟು ತಾನಾಗಿಯೇ ಬಿಗಿಯಿತು, ಯಾರದೋ ಮಣಿಕಟ್ಟನ್ನು ಹಿಡಿದ ಹಾಗೆ. ಒಂದು ವರ್ಷ ಕಳೆದರೂ ಆ ಕೈ ಮರೆತಿಲ್ಲ.

ಅದು ಹೋದ ವರ್ಷದ ಆಷಾಢ. ದಾವಣಗೆರೆಯಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಹನಿ ಬೀಳುವುದು, ನಿಲ್ಲುವುದು, ಮತ್ತೆ ಬೀಳುವುದು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಗಿರಣಿಗಳ ಅಂಗಳದಲ್ಲಿ ಹೊಟ್ಟಿನ ರಾಶಿ ಒದ್ದೆಯಾಗಿ ಸರಿಯಾಗಿ ಉರಿಯುತ್ತಿರಲಿಲ್ಲ, ಕರೆಂಟು ದಿನಕ್ಕೆ ಮೂರು ಸಲ ಹೋಗುತ್ತಿತ್ತು.

ನಾನು ಹರಿಹರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಬಾಯ್ಲರ್ ನೋಡಿಕೊಂಡವನು. ಬಾಯ್ಲರ್ ಎಂದರೆ ಬೆಂಕಿಯ ಮೇಲೆ ಕುಳಿತ ಒಂದು ದೊಡ್ಡ ಕಬ್ಬಿಣದ ಡ್ರಮ್ಮು; ಒಳಗಿನ ನೀರು ಆವಿಯಾಗಿ ಯಂತ್ರಗಳನ್ನು ಓಡಿಸುತ್ತದೆ, ಗಿರಣಿಯಾದರೆ ಭತ್ತ ಬೇಯಿಸುತ್ತದೆ. ಒಳಗೆ ಎಷ್ಟು ನೀರಿದೆ ಎಂದು ತಿಳಿಯಲು ಇರುವ ದಾರಿ ಒಂದೇ, ಮುಂಭಾಗದಲ್ಲಿ ನಿಲ್ಲಿಸಿದ ಗೇಣುದ್ದದ ಗಾಜಿನ ಕೊಳವೆ. ಅದರ ಅರ್ಧಕ್ಕೆ ನೀರು ನಿಂತಿರಬೇಕು. ಇಳಿದರೆ ಪಂಪ್ ಹಾಕಬೇಕು. ನನಗೆ ಕೆಲಸ ಕಲಿಸಿದ ಹಿರಿಯರು ಗಾಜಿನಿಂದ ಕಣ್ಣು ತೆಗೆದರೆ ತಲೆಗೆ ಮೊಟಕುತ್ತಿದ್ದರು. ಮೂವತ್ತಾರು ವರ್ಷಗಳಲ್ಲಿ ನನ್ನ ಪಾಳಿಯಲ್ಲಿ ಒಮ್ಮೆಯೂ ನೀರು ಗಾಜಿನಿಂದ ಮರೆಯಾಗಲಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಆ ಹೆಮ್ಮೆಯೇ ಮುಂದಿನದಕ್ಕೆಲ್ಲ ಕಾರಣ.

ನಿವೃತ್ತಿಯಾದ ಮೇಲೂ ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ. ಒಂದು ಪುಸ್ತಕದಲ್ಲಿ ದಿನದ ಕೆಲಸ ಗಂಟೆ ಹಾಕಿ ಬರೆಯುತ್ತೇನೆ. ನನ್ನ ಹೆಂಡತಿ ಸರೋಜ ಅದನ್ನು ನೋಡಿ, "ನಮ್ಮನೆ ಕುಕ್ಕರ್ ಎಷ್ಟು ಸೀಟಿ ಹಾಕ್ತು ಅನ್ನೋದನ್ನೂ ಬರ್ಕಳ್ರಿ, ಪೆನ್ಷನ್ ಜಾಸ್ತಿ ಮಾಡ್ತಾರೆ" ಅನ್ನುತ್ತಾಳೆ.

ನಮ್ಮ ಆನೆಕೊಂಡದ ಓಣಿಯಲ್ಲಿ, ಮೂರು ಮನೆ ಆಚೆ, ನಾಗಪ್ಪ ಇದ್ದಾನೆ. ನಲವತ್ತೆರಡು ವರ್ಷ. ಹದಿನೆಂಟು ವರ್ಷ ಹಳೆಯ ರಸ್ತೆಯ ಆ ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲ ಹೊತ್ತವನು. ಬೆನ್ನಿನ ಮೂಳೆಯ ಡಿಸ್ಕ್ ಜಾರಿತು. ಇನ್ನು ಹತ್ತು ಕಿಲೋ ಕೂಡ ಎತ್ತಬಾರದು ಎಂದು ವೈದ್ಯರು ಹೇಳಿದರು. ಮಾಲೀಕರು ಒಳ್ಳೆಯವರು, ಅವನನ್ನು ಬಾಯ್ಲರ್ ಆಪರೇಟರಿನ ಕೈಕೆಳಗೆ ಹಾಕಿದರು. ಒಂದು ಷರತ್ತು: ಬಾಯ್ಲರ್ ನೋಡಿಕೊಳ್ಳುವವರ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗಬೇಕು. ಪಾಸಾದರೆ ಕಾಯಂ, ಇಲ್ಲದಿದ್ದರೆ ಮನೆ. ಮೊದಲು ಅಧಿಕಾರಿಗಳ ಎದುರು ಬಾಯಿ ಪರೀಕ್ಷೆ, ಆಮೇಲೆ ಉರಿಯುವ ಬಾಯ್ಲರ್ ಮುಂದೆ ನಿಲ್ಲಿಸಿ ಕೈ ಪರೀಕ್ಷೆ. ಆರು ವಾರ ಉಳಿದಿತ್ತು. ನಾಗಪ್ಪ ನನ್ನ ಹತ್ತಿರ ಬಂದ.

ನನ್ನಲ್ಲಿ ಎಂಬತ್ತು ಪ್ರಶ್ನೋತ್ತರಗಳ ನೋಟ್ ಬುಕ್ ಇತ್ತು. ದಿನಕ್ಕೆ ನಾಲ್ಕರಂತೆ ಇಪ್ಪತ್ತು ದಿನಕ್ಕೆ ಮುಗಿಯುವ ಲೆಕ್ಕ. ನಾಗಪ್ಪ ಮೂರನೆಯ ಪ್ರಶ್ನೆಗೇ ತೂಕಡಿಸುತ್ತಿದ್ದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಷರ ಬರುತ್ತಿತ್ತು, ಆದರೆ ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಮೊದಲು ಮರೆತುಹೋಗುತ್ತಿತ್ತು. ಪುಸ್ತಕ ಮುಚ್ಚಿದ ಕೂಡಲೇ ಫೋನು ತೆಗೆದು ಹಣ್ಣು ಕತ್ತರಿಸುವ ಆಟ ಆಡುತ್ತಿದ್ದ. ಆಗ ಎಲ್ಲಿತ್ತೋ ಆ ಚುರುಕು! ಹೆಬ್ಬೆರಳು ಮಿಂಚಿನ ಹಾಗೆ ಓಡುತ್ತಿತ್ತು.

"ನಾಚಿಕೆ ಆಗಲ್ವೇನಪ್ಪ?" ಎಂದೆ.

"ಆಗ್ತೈತೆ ಮೇಷ್ಟ್ರೇ. ಆದ್ರೆ ಅದು ಬೈಯಲ್ಲ ನೋಡ್ರಿ" ಎಂದ.

ಅರ್ಜಿ ತುಂಬಿಸಲು ಅವನನ್ನು ಪಿ.ಜೆ. ಬಡಾವಣೆಗೆ ಕರೆದುಕೊಂಡು ಹೋದೆ. ಅಲ್ಲಿ ನಸ್ರೀನಳ ಅಂಗಡಿಯಿದೆ; ಜೆರಾಕ್ಸು, ಆನ್‌ಲೈನ್ ಅರ್ಜಿ, ಮಕ್ಕಳಿಗೆ ಕಂಪ್ಯೂಟರ್ ಪಾಠ. ಅವಳ ತಂದೆ ನನ್ನ ಜೊತೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನನ್ನನ್ನು ಚಾಚಾ ಅನ್ನುತ್ತಾಳೆ. ನಾನು ನಾಗಪ್ಪನ ಹಣ್ಣಿನ ಆಟದ ಬಗ್ಗೆ ದೂರು ಹೇಳಿದೆ. ಅವಳು ನಕ್ಕಳು.

"ಹಣ್ಣಿನ ಬದ್ಲು ಬಾಯ್ಲರ್ ಇಟ್ಬಿಡೋಣ ಚಾಚಾ. ಈಗ ಗೇಮ್ ಮಾಡಾಕೆ ಇಂಜಿನಿಯರೇ ಆಗ್ಬೇಕು ಅಂತಿಲ್ಲ. ಎ.ಐ. ಐತೆ. ನೀವು ಕನ್ನಡದಾಗೆ ಹೇಳ್ರಿ, ಅದು ಮಾಡ್ತೈತೆ."

"ನಾನು ಆಟ ಮಾಡೋದಾ?"

"ಮತ್ತೆ? ಬಾಯ್ಲರ್ ನಂಗೇನ್ ಗೊತ್ತು? ನಾನು ನೋಡಿರೋದು ಬಾತ್‌ರೂಮ್ ಗೀಸರ್ ಒಂದೇ."

ಮರುದಿನದಿಂದ ಮಧ್ಯಾಹ್ನ ಎರಡರಿಂದ ನಾಲ್ಕು, ನಾಲ್ಕು ದಿನ, ಅವಳ ಅಂಗಡಿಯಲ್ಲಿ ಕುಳಿತೆ. ನಾನು ಹೇಳುವುದು, ಆ ಎ.ಐ. ಕೇಳಿಸಿಕೊಂಡು ಬರೆಯುವುದು, ಒಂದು ನಿಮಿಷದಲ್ಲಿ ಪರದೆಯ ಮೇಲೆ ಆಟ ತಯಾರು. ಮೊದಲ ದಿನ ಬಂದ ಬಾಯ್ಲರಿಗೆ ಕಣ್ಣು, ಮೂಗು, ನಗುವ ಬಾಯಿ ಎಲ್ಲ ಇತ್ತು. "ಬಾಯ್ಲರ್ ನಗಬಾರದು" ಎಂದು ಹೇಳಿದೆ. ಬಾಯಿ ಹೋಯಿತು. ಹೊಟ್ಟು ಹೂವಿನ ಹಾಗೆ ಉದುರುತ್ತಿತ್ತು, ಸರಿಪಡಿಸಿದೆ. ಒತ್ತಡದ ಮುಳ್ಳು, ಗಾಜಿನ ಕೊಳವೆ, ಪಂಪಿನ ಬಟನ್, ಹೊಟ್ಟಿನ ಬಟನ್, ಫ್ಯಾನು ಎಲ್ಲ ಒಂದೊಂದಾಗಿ ಬಂದವು. ನೀರು ಅರ್ಧಕ್ಕಿಂತ ಇಳಿದರೆ ಪಂಪ್ ಒತ್ತಬೇಕು, ಸಮಯಕ್ಕೆ ಒತ್ತಿದರೆ ಅಂಕ. ಎಪ್ಪತ್ತರ ವಯಸ್ಸಿನಲ್ಲಿ ನನ್ನ ಮಾತು ಕಣ್ಣೆದುರು ಓಡುವುದನ್ನು ಕಂಡು ಎದೆಯೊಳಗೆ ಏನೋ ಹಿಗ್ಗಿತು. ಸುಳ್ಳು ಹೇಳುವುದಿಲ್ಲ.

ನಾನು ಹೇಳಿದ್ದನ್ನು ಅದು ಮಾಡುತ್ತಿತ್ತು. ಹೇಳದೆ ಬಿಟ್ಟದ್ದನ್ನು ತಾನೇ ಊಹಿಸಿ ತುಂಬುತ್ತಿತ್ತು. ಈ ಎರಡನೆಯದು ನನ್ನ ಗಮನಕ್ಕೆ ಬರಲಿಲ್ಲ.

ಪರೀಕ್ಷಿಸದೆ ಕೊಡುವವನು ನಾನಲ್ಲ. ನಲವತ್ತು ಸಲ ಆಡಿದೆ. ಪ್ರತಿ ಸಲದ ಫಲಿತಾಂಶ ಪುಸ್ತಕದಲ್ಲಿ ಬರೆದೆ. ಎಲ್ಲ ಸರಿಯಿತ್ತು. ಕೆಳಗೆ ಸಹಿ ಹಾಕಿ ದಿನಾಂಕ ಬರೆದೆ. ನಸ್ರೀನ್ ಅದನ್ನು ನಾಗಪ್ಪನ ಫೋನಿಗೆ ಕಳಿಸಿದಳು. ಅದೇ ಪರೀಕ್ಷೆಗೆ ಕುಳಿತಿದ್ದ ಬೇರೆ ಗಿರಣಿಗಳ ಹನ್ನೊಂದು ಜನ ಕೇಳಿದರು, ಅವರಿಗೂ ಹೋಯಿತು. ಯಾರಿಗೆ ಎಷ್ಟು ಅಂಕ ಎಂಬ ಪಟ್ಟಿ ಎಲ್ಲರ ಫೋನಿನಲ್ಲೂ ಕಾಣುತ್ತಿತ್ತು.

ನಾಗಪ್ಪನ ತೂಕಡಿಕೆ ನಿಂತಿತು. ಹೊಟ್ಟು, ಗಾಳಿ, ಒತ್ತಡ ಎಲ್ಲದರ ಹೆಸರು ಬಾಯಿಗೆ ಬಂತು. ಎರಡನೇ ವಾರಕ್ಕೆ ಪಟ್ಟಿಯಲ್ಲಿ ನನ್ನ ಹೆಸರು ಎರಡನೆಯದಾಯಿತು. ನನಗೆ ಸಾವಿರದ ಇನ್ನೂರು. ನಾಗಪ್ಪನಿಗೆ ನಾಲ್ಕು ಸಾವಿರ.

ನಾನು ಒಂದು ವಾರ ಆಡಿದೆ, ಸಾವಿರದ ಇನ್ನೂರ ನಲವತ್ತು ದಾಟಲಿಲ್ಲ. ನೀರನ್ನು ಕೂದಲೆಳೆಯಷ್ಟೂ ಅತ್ತಿತ್ತ ಹೋಗಲು ಬಿಡದೆ ಆಡಿದರೆ ಸಿಗುವ ಗರಿಷ್ಠ ಅಂಕ ಅಷ್ಟೇ ಎಂದು ನನಗೆ ಗೊತ್ತಿತ್ತು. ಓಣಿಯಲ್ಲಿ ಅವನನ್ನು ಹಿಡಿದು ಕೇಳಿದೆ, "ಅದ್ಹೇಗೋ ನಾಲ್ಕು ಸಾವಿರ?"

"ಅದು ಗುಟ್ಟು ಮೇಷ್ಟ್ರೇ. ಪಾಸಾದಮ್ಯಾಲೆ ಹೇಳ್ತೀನಿ" ಎಂದು ಕಣ್ಣು ಮಿಟುಕಿಸಿದ. ಹದಿನೆಂಟು ವರ್ಷ ಚೀಲ ಹೊತ್ತವನಿಗೆ ಯಾರನ್ನಾದರೂ ಮೀರಿಸಿದ ಖುಷಿ ಅದೇ ಮೊದಲಿರಬೇಕು. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತು. ನಿಯಮಕ್ಕಿಂತ ಹೆಚ್ಚು ಅಂಕ ಬಂದರೆ ಎಲ್ಲೋ ನಿಯಮ ಮುರಿದಿದೆ ಎಂದೇ ಅರ್ಥ. ಇದು ತಿಳಿದೂ ಸುಮ್ಮನಿದ್ದೆ.

ಪರೀಕ್ಷೆಗೆ ಮೂರು ವಾರವಿದ್ದಾಗ, ಒಂದು ಶನಿವಾರ ಮಧ್ಯಾಹ್ನ ಮೂರು ಗಂಟೆ. ಹನಿ ಬೀಳುತ್ತಿತ್ತು. ನಾನು ನನ್ನ ಪುಸ್ತಕದಲ್ಲಿ ದಿನದ ಕೆಲಸ ಬರೆಯುತ್ತಿದ್ದೆ. ಸರೋಜ ಮಂಚದ ಮೇಲೆ ಕುಳಿತು ನನ್ನ ಫೋನು ಹಿಡಿದಿದ್ದಳು.

"ಏ, ನೋಡ್ರಿಲ್ಲಿ! ನಂಗೂ ಶಭಾಷ್ ಅಂತು! ಒಂದೇ ಏಟಿಗೆ ಐನೂರು!"

"ಐನೂರಾ? ಒಂದೇ ಸಲಕ್ಕೆ?"

"ಹೂಂ. ನಾನು ಆ ಕಡೆ ಹಾಲು ನೋಡಾಕೆ ಹೋಗಿದ್ನಾ, ಬರೋದ್ರಾಗೆ ಕೊಳವ್ಯಾಗೆ ನೀರೇ ಇಲ್ಲ. ಕೆಂಪು ದೀಪ ಹೊಡ್ಕೊಳಾಕೆ ಹತ್ತಿತ್ತು. ಪಂಪ್ ಒತ್ತಿದೆ, ಒತ್ತಿದೆ, ಒತ್ತಿದೆ. ನೀರು ಬುಸ್ ಅಂತ ಮ್ಯಾಲೆ ಬಂತು. ನೋಡ್ರಿ ಏನ್ ಬರ್ದೈತೆ."

ಪರದೆಯ ಮೇಲೆ ಬಣ್ಣದ ಪಟಾಕಿ ಸಿಡಿಯುತ್ತಿತ್ತು. *ಶಭಾಷ್! ಕೊನೆಯ ಕ್ಷಣದಲ್ಲಿ ಬಾಯ್ಲರ್ ಉಳಿಸಿದಿರಿ!*

ಸರೋಜ ನನ್ನ ಮುಖ ನೋಡಿ ಗಾಬರಿಯಾದಳು. "ಯಾಕ್ರೀ? ನಾನೇನ್ ತಪ್ಪು ಮಾಡ್ದೆ? ನೀರಿಲ್ಲ ಅಂದ್ರೆ ನೀರು ಬಿಡಬೇಕಲ್ವ?"

"ಸರೋಜ, ಒಲೆ ಮೇಲೆ ಬಾಣಲೆ ಇಟ್ಟು ಮರೆತು, ಅದು ಕೆಂಪಗೆ ಕಾದಿರುವಾಗ ತಣ್ಣೀರು ಸುರೀತೀಯಾ?"

ಅವಳು ಫೋನನ್ನು ಮಂಚದ ಮೇಲಿಟ್ಟಳು. ಅಡುಗೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಜಿನಲ್ಲಿ ನೀರು ಕಾಣದಷ್ಟು ಇಳಿಯಿತೆಂದರೆ ಒಳಗಿನ ಕಬ್ಬಿಣ ಒಣಗಿ ಕೆಂಪಗೆ ಕಾದಿರಬಹುದು. ಆಗ ನೀರು ಬಿಟ್ಟರೆ ಅದೆಲ್ಲ ಒಮ್ಮೆಲೇ ಆವಿಯಾಗಿ ಉಬ್ಬುತ್ತದೆ. ಬಾಯ್ಲರ್ ಸಿಡಿಯುತ್ತದೆ. ಎದುರು ನಿಂತವರು ಉಳಿಯುವುದಿಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಬೇರೆ: ಹೊಟ್ಟು ನಿಲ್ಲಿಸಬೇಕು, ಫ್ಯಾನು ನಿಲ್ಲಿಸಬೇಕು, ಜನರನ್ನು ಹೊರಗೆ ಕಳಿಸಬೇಕು, ಪಂಪ್ ಮುಟ್ಟಲೇಬಾರದು.

ಇದನ್ನು ನಾನು ಆ ಎ.ಐ.ಗೆ ಹೇಳಿರಲಿಲ್ಲ. ನನ್ನ ತಲೆಯಲ್ಲಿ ನೀರು ಮರೆಯಾಗುವ ಬಾಯ್ಲರೇ ಇರಲಿಲ್ಲ. ಅದಕ್ಕೇ ಅದು ತಾನೇ ಊಹಿಸಿ ಪಟಾಕಿ ಹಚ್ಚಿತ್ತು. ನಲವತ್ತು ಸಲ ಆಡಿದಾಗಲೂ ನನ್ನ ಹೆಬ್ಬೆರಳು ಒಮ್ಮೆಯೂ ನೀರನ್ನು ಅಲ್ಲಿಗೆ ಇಳಿಯಲು ಬಿಟ್ಟಿರಲಿಲ್ಲ. ಸರಿಯಾಗಿ ಆಡುವವನಿಗೆ ಆ ತಪ್ಪು ಕಾಣುವಂತೆಯೇ ಇರಲಿಲ್ಲ. ನಾಲ್ಕು ಸಾವಿರದ ಗುಟ್ಟು ಗೊತ್ತಾಯಿತು: ನಾಗಪ್ಪ ಬೇಕೆಂದೇ ನೀರು ಬರಿದಾಗಲು ಬಿಟ್ಟು, ಆಮೇಲೆ ಪಂಪ್ ಒತ್ತಿ, ಸಲಕ್ಕೆ ಐನೂರರಂತೆ ಗಳಿಸುತ್ತಿದ್ದ. ಎರಡು ವಾರದಿಂದ, ದಿನಕ್ಕೆ ಎಷ್ಟು ಸಲವೋ.

ಅವನು ಆ ಹೊತ್ತು ಎರಡು ಗಂಟೆಯ ಪಾಳಿಯಲ್ಲಿ, ಬಾಯ್ಲರ್ ಮುಂದೆ ಇದ್ದ.

ಫೋನು ಮಾಡಿದೆ. ಸ್ವಿಚ್ ಆಫ್. ಬಾಯ್ಲರ್ ಮನೆಗೆ ಫೋನು ಒಯ್ಯಬಾರದು ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ಗಿರಣಿಯ ಆಫೀಸಿಗೆ ಮಾಡಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮಾಲೀಕರು ಎತ್ತಲಿಲ್ಲ. ನಸ್ರೀನಳಿಗೆ ಮಾಡಿ ಎರಡು ಮಾತಿನಲ್ಲಿ ಹೇಳಿದೆ. ಅವಳು ಏನನ್ನೂ ಕೇಳಲಿಲ್ಲ. "ಓಣಿ ಬಾಯಿಗೆ ಬಂದು ನಿಂದ್ರಿ" ಎಂದಳಷ್ಟೆ. ಹತ್ತು ನಿಮಿಷಕ್ಕೆ ಸ್ಕೂಟರ್ ಬಂತು. ಆಟವನ್ನು ಎಲ್ಲರ ಫೋನಿನಲ್ಲೂ ನಿಲ್ಲಿಸಿ ಬಂದಿದ್ದಳು.

ಹಳೆಯ ರಸ್ತೆ, ಒದ್ದೆ ಡಾಂಬರು, ಎದುರಿಗೆ ಲಾರಿ, ಪಕ್ಕಕ್ಕೆ ಟ್ರ್ಯಾಕ್ಟರು. ನಾನು ಎಂದೂ ಸ್ಕೂಟರಿನಲ್ಲಿ ಗಂಟೆಗೆ ನಲವತ್ತು ದಾಟಿ ಕುಳಿತವನಲ್ಲ. ಅಂದು ವೇಗದ ಮುಳ್ಳು ನೋಡಲಿಲ್ಲ.

"ಚಾಚಾ, ಅವ್ನ ಜೊತೆ ಸರ್ಟಿಫಿಕೇಟ್ ಇರೋ ಆಪರೇಟರ್ ಇರ್ತಾನಲ್ಲ?"

"ಇರಬೇಕು."

"ಹಂಗಾದ್ರೆ ಯಾಕ ಇಷ್ಟು ಹೆದ್ರಿಕಿ?"

"ಇರಬೇಕು ಅಂದೆನಮ್ಮ. ಇದ್ದಾನೆ ಅನ್ನಲಿಲ್ಲ."

ಸ್ವಲ್ಪ ಮುಂದೆ ಹೋಗುತ್ತಲೇ ಅವಳು ವೇಗ ತಗ್ಗಿಸಿದಳು. ರಸ್ತೆಯ ಎರಡೂ ಬದಿಯ ಅಂಗಡಿಗಳಲ್ಲಿ ದೀಪವಿರಲಿಲ್ಲ. ಒಂದು ಬೇಕರಿಯ ಮುಂದೆ ಜನರೇಟರ್ ಗುಡುಗುಡು ಅನ್ನುತ್ತಿತ್ತು. "ಕರೆಂಟ್ ಹೋಗೈತೆ" ಎಂದಳು.

ಕರೆಂಟು ಇಲ್ಲವೆಂದರೆ ಪಂಪ್ ಇಲ್ಲ. ಫ್ಯಾನೂ ನಿಲ್ಲುತ್ತದೆ, ನಿಜ. ಆದರೆ ಹೊಟ್ಟಿನ ಕೆಂಡ ಅಷ್ಟು ಬೇಗ ಆರುವುದಿಲ್ಲ. ನೀರು ಇಳಿಯುತ್ತಲೇ ಇರುತ್ತದೆ. ಕರೆಂಟು ಬಂದ ಕ್ಷಣ ಅವನು ಮಾಡುವ ಮೊದಲ ಕೆಲಸ ಯಾವುದೆಂದು ನನಗೆ ಗೊತ್ತಿತ್ತು. ಅವನ ಹೆಬ್ಬೆರಳಿಗೆ ಅದನ್ನು ಕಲಿಸಿದ್ದವನು ನಾನು.

"ಹೋಗಮ್ಮ, ಹೋಗು" ಎಂದೆ.

ಗಿರಣಿಯ ಅಂಗಳ ಮೌನವಾಗಿತ್ತು. ಯಂತ್ರಗಳು ನಿಂತಿದ್ದವು, ಹೆಣ್ಣಾಳುಗಳು ಜಗುಲಿಯ ಮೇಲೆ ಮಂಡಕ್ಕಿ ತಿನ್ನುತ್ತಿದ್ದರು. ನಾನು ಓಡಿದೆ. ಎಪ್ಪತ್ತರ ಓಟ ಹೇಗಿರುತ್ತದೋ ಹಾಗೆ. ಬಾಯ್ಲರ್ ಮನೆಯಲ್ಲಿ ನಾಗಪ್ಪ ಒಬ್ಬನೇ ಇದ್ದ. ಆಪರೇಟರ್ ಊಟಕ್ಕೆ ಹೋಗಿ ಗಂಟೆಯಾಗಿತ್ತಂತೆ. ನನ್ನ ಕಣ್ಣು ಮೊದಲು ಗಾಜಿಗೆ ಹೋಯಿತು. ತಳದಿಂದ ಎರಡು ಬೆರಳಿನಷ್ಟು ನೀರು ಇತ್ತು. ಕಾಣುತ್ತಿತ್ತು.

"ಬರ್ರಿ ಮೇಷ್ಟ್ರೇ! ಏನ್ರಿ ಇಷ್ಟು ದೂರ? ಕೂಡ್ರಿ, ಕೂಡ್ರಿ." ಅವನ ಬಲಗೈ ಪಂಪಿನ ಸ್ವಿಚ್ಚಿನ ಮೇಲೆಯೇ ಇತ್ತು. "ಕರೆಂಟ್ ಬರ್ಲಿ ಅಂತ ಕಾಯಾಕೆ ಹತ್ತೀನಿ. ಬಂದ್ ಕೂಡ್ಲೆ ಒತ್ತೋದೇ."

"ನೀರು ಪೂರ್ತಿ ಇಳಿದು ಕಾಣದ ಹಾಗಾದರೆ?"

ಅವನು ಹಲ್ಲು ಬಿಟ್ಟ. ಗುಟ್ಟು ಒಡೆಯುವ ಸಂತೋಷ. "ಹಂಗಾದ್ರೆ ಇನ್ನೂ ಜೋರಾಗಿ ಒತ್ತೋದು ನೋಡ್ರಿ!"

ನಾನು ಅವನ ಮಣಿಕಟ್ಟು ಹಿಡಿದೆ. ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅವನು "ಅಯ್ಯಯ್ಯೋ" ಎಂದ. ಸ್ವಿಚ್ಚಿನಿಂದ ಆ ಕೈ ಕಿತ್ತು, ಕೆಂಡ ಎಳೆಯಲು ಹೇಳಿದೆ. ಇಬ್ಬರೂ ಸೇರಿ ಕೆಂಡ ಹೊರಗೆಳೆದೆವು. ಹದಿನೈದು ನಿಮಿಷಕ್ಕೆ ಕರೆಂಟು ಬಂತು. ಗಾಜಿನ ತಳದಲ್ಲಿ ಇನ್ನೂ ಒಂದು ಬೆರಳು ನೀರು ಕಾಣುತ್ತಿದ್ದುದನ್ನು ನೋಡಿ, ಕೊಳವೆಯ ನಲ್ಲಿ ತಿರುಗಿಸಿ ಅದರ ನೀರನ್ನು ಒಮ್ಮೆ ಹೊರಬಿಟ್ಟು, ಮತ್ತೆ ತುಂಬಿದ್ದು ಬಾಯ್ಲರಿನ ನಿಜವಾದ ನೀರೇ ಎಂದು ಖಾತ್ರಿ ಮಾಡಿಕೊಂಡು, ನಾನೇ ಪಂಪ್ ಹಾಕಿದೆ. ಆಮೇಲೆ ಹೊಟ್ಟಿನ ಚೀಲದ ಮೇಲೆ ಕುಳಿತು ಎಲ್ಲ ಹೇಳಿದೆ. ತಪ್ಪು ನಿನ್ನದಲ್ಲ, ನನ್ನದು ಎಂದೂ ಹೇಳಿದೆ. ಎಪ್ಪತ್ತು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಆಡಿದ್ದೇನೆಂದು ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಸಾಕು.

ನಾಗಪ್ಪನ ಮುಖ ಬಿಳುಪೇರಿತ್ತು. "ಶಭಾಷ್ ಅಂತಿತ್ತಲ್ರಿ ಅದು" ಎಂದ, ಸಣ್ಣ ದನಿಯಲ್ಲಿ.

ಉಳಿದ ಹನ್ನೊಂದು ಜನರನ್ನು ಎರಡು ದಿನದಲ್ಲಿ ಒಬ್ಬೊಬ್ಬರನ್ನಾಗಿ ಹುಡುಕಿ ಹೇಳಿದೆ. ಫೋನಿನಲ್ಲಿ ಹೇಳಿ ಬಿಡುವ ವಿಷಯವಲ್ಲ. ಗುತ್ತೂರಿನ ಕಡೆಯ ಒಬ್ಬ ನಕ್ಕು, "ಆಟ ಅಲ್ವೇನ್ರಿ ಯಜಮಾನ್ರೇ, ಅಷ್ಟೂ ಗೊತ್ತಾಗಲ್ವ ನಮ್ಗೆ?" ಎಂದ. ಅವನನ್ನು ಅವನ ಬಾಯ್ಲರ್ ಮುಂದೆಯೇ ನಿಲ್ಲಿಸಿ ಕೇಳಿದೆ. ಬಾಯಿ ಸರಿಯಾಗಿ ಹೇಳಿತು. ಕೈ ಪಂಪಿನ ಕಡೆಗೆ ಅರ್ಧ ದಾರಿ ಹೋಗಿತ್ತು. ಅವನೇ ತನ್ನ ಕೈ ನೋಡಿಕೊಂಡು ನಗು ನಿಲ್ಲಿಸಿದ.

ನಾಗಪ್ಪನ ಕಷ್ಟ ಇನ್ನೂ ದೊಡ್ಡದಿತ್ತು. ಅವನು ಎಲ್ಲರಿಗಿಂತ ಹೆಚ್ಚು ಆಡಿದ್ದ. ಸೋಮವಾರ ಬೆಳಿಗ್ಗೆ ಮಾಲೀಕರ ಮತ್ತು ಆಪರೇಟರಿನ ಎದುರಿಗೇ, ಬಾಯ್ಲರಿನಲ್ಲಿ ನೀರು ಸರಿಯಾಗಿರುವುದನ್ನು ನೋಡಿಕೊಂಡು, ನನ್ನ ಗುರುಗಳು ಮಾಡುತ್ತಿದ್ದ ಪರೀಕ್ಷೆ ಮಾಡಿದೆ. ಒಂದು ಒಡೆದರೆ ಇನ್ನೊಂದಿರಲಿ ಎಂದು ಬಾಯ್ಲರಿಗೆ ಜೋಡಿ ಗಾಜು ಇರುತ್ತದೆ; ಅವುಗಳಲ್ಲಿ ಒಂದರ ಮೇಲೆ ಟವೆಲ್ ಹೊದಿಸಿದೆ. ಇನ್ನೊಂದರ ನಲ್ಲಿ ತಿರುಗಿಸಿ ಕೊಳವೆಯನ್ನು ಮಾತ್ರ ಬರಿದು ಮಾಡಿದೆ. "ನಾಗಪ್ಪ, ನೀರು!" ಎಂದು ಕೂಗಿದೆ. ಅವನು ತಿರುಗಿದ, ಬರಿ ಗಾಜು ಕಂಡ, ಕೈ ಸ್ವಿಚ್ಚಿಗೆ ಹಾರಿತು. ನಾನು ಮಣಿಕಟ್ಟು ಹಿಡಿದೆ. ಐದು ಸಲ ಮಾಡಿದೆ. ಐದು ಸಲವೂ ಹಿಡಿಯಬೇಕಾಯಿತು.

"ಬಾಯಿಗೆ ಗೊತ್ತೈತೆ ಮೇಷ್ಟ್ರೇ. ಈ ಹಲ್ಕಾ ಕೈ ಕೇಳವಲ್ದು" ಎಂದ. ಕಣ್ಣಲ್ಲಿ ನೀರಿತ್ತು.

ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ನನ್ನ ಗಿರಣಿಯಾಗೆ ನಲವತ್ತು ಜನ ಅದಾರೆ. ಪರೀಕ್ಷೆತನಕ ಅವ್ನು ಅಂಗಳದಾಗೆ ಹೊಟ್ಟು ಗುಡಿಸ್ಲಿ, ಸ್ವಿಚ್ ಮುಟ್ಟೋದು ಬ್ಯಾಡ. ಫೇಲಾದ್ರೆ ನಾನೇನೂ ಮಾಡಾಕಾಗಲ್ಲ, ಬ್ಯಾಸ್ರ ಮಾಡ್ಕಬ್ಯಾಡ್ರಿ." ಅವರು ಹೇಳಿದ್ದು ಸರಿಯಿತ್ತು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಹದಿನೆಂಟು ದಿನ ಉಳಿದಿತ್ತು. ನನಗೆ ಆಟವನ್ನು ಅಳಿಸಿಬಿಡಬೇಕೆನಿಸಿತ್ತು. ನಸ್ರೀನ್ ಒಪ್ಪಲಿಲ್ಲ. "ಆಟದಿಂದ ಹತ್ತಿದ ಚಟ ಆಟದಿಂದ್ಲೇ ಬಿಡ್ಬೇಕು. ಆದ್ರೆ ಈ ಸಲ ನೀವು ಗೆಲ್ಲಾಕೆ ಆಡಬ್ಯಾಡ್ರಿ ಚಾಚಾ. ಸೋಲಾಕೆ ಆಡ್ರಿ. ಎಲ್ಲೆಲ್ಲಿ ಸೋತು ಸಾಯಬಹುದೋ ಅಲ್ಲೆಲ್ಲ ಹೋಗಿ ಬರ್ರಿ."

ಇದು ನನ್ನಿಂದ ಆಗಲಿಲ್ಲ. ಪರದೆಯ ಮೇಲೆ ನೀರು ಅರ್ಧಕ್ಕೆ ಬಂದ ಕೂಡಲೇ ನನ್ನ ಹೆಬ್ಬೆರಳು ಪಂಪ್ ಒತ್ತುತ್ತಿತ್ತು. ಒತ್ತಬಾರದು ಎಂದುಕೊಂಡೇ ಒತ್ತುತ್ತಿದ್ದೆ. ನಾಗಪ್ಪ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ. ಆರನೆಯ ಸಲಕ್ಕೆ ಅವನು ಮೊದಲ ಬಾರಿಗೆ ನಕ್ಕ. "ನಿಮ್ ಕೈನೂ ನಮ್ ಜಾತಿದೇ ಬಿಡ್ರಿ!"

ಕೊನೆಗೆ ನಾನು ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು ಕುಳಿತೆ. ನೀರು ಇಳಿಯಿತು. ಅರ್ಧ, ಕಾಲು, ಎರಡು ಬೆರಳು, ಒಂದು ಬೆರಳು. ಬರೀ ಗಾಜು. ಅದು ಚಿತ್ರದ ನೀರು ಎಂದು ಗೊತ್ತಿದ್ದರೂ ನನ್ನ ಬೆನ್ನೆಲ್ಲ ಬೆವರಿತ್ತು.

ಹಾಗೆ ಸೋತು ಸೋತು ಏಳು ತಪ್ಪು ಹಿಡಿದೆವು. ಒತ್ತಡ ಮೀರಿದರೆ ಆವಿಯನ್ನು ಹೊರಬಿಡುವ ಸುರಕ್ಷತೆಯ ವಾಲ್ವನ್ನು ಮುಚ್ಚಿಟ್ಟರೆ ಆವಿ ಉಳಿತಾಯವೆಂದು ಆ ಆಟ ಐವತ್ತು ಅಂಕ ಕೊಡುತ್ತಿತ್ತು! ಒಂದೊಂದನ್ನೂ ಬಿಡಿಸಿ ಹೇಳಿದೆವು, ಈ ಸಲ ಹೇಳದೆ ಏನನ್ನೂ ಬಿಡಲಿಲ್ಲ. ನೀರು ಕಾಣದಾದಾಗ ಪಂಪಿನ ಬಟನ್ನನ್ನೇ ತೆಗೆದುಬಿಡು ಎಂದು ಹೇಳಲು ಹೊರಟಿದ್ದೆ. ನಾಗಪ್ಪ ತಡೆದ.

"ತೆಗೀಬ್ಯಾಡ್ರಿ. ಗಿರಣಿಯಾಗೆ ಸ್ವಿಚ್ ಎಲ್ಲಿಗೆ ಹೋಗ್ತೈತೆ? ಅಲ್ಲೇ ಇರ್ತೈತೆ. ಇಲ್ಲೂ ಇರ್ಲಿ. ಇನ್ನೂ ದೊಡ್ಡದಾಗ್ಲಿ, ಕೆಂಪಗಾಗ್ಲಿ, ಒತ್ತು ಒತ್ತು ಅಂತ ಕುಣೀಲಿ. ಒತ್ತಿದ್ರೆ ಪರದೆ ಕಪ್ಪಾಗಿ ಮರುದಿನದ ತನಕ ಆಟ ಬಂದ್. ಹೊಟ್ಟು, ಫ್ಯಾನು ನಿಲ್ಸಿ, ಒಂದು ನಿಮಿಷ ಏನೂ ಮುಟ್ಟದೆ ಕುಂತ್ರೆ ಮಾತ್ರ ಪಾಸು."

ನಸ್ರೀನ್ ಅವನ ಕಡೆಗೇ ಮೈಕು ತಿರುಗಿಸಿದಳು. "ನೀವೇ ಹೇಳ್ರಿ ಅದ್ಕೆ." ಅವನು ಕೆಮ್ಮಿ, ಬಗ್ಗಿ, ದೇವರ ಮುಂದೆ ಬೇಡಿಕೊಳ್ಳುವವನ ಹಾಗೆ ಹೇಳಿದ. ಅದು ಮಾಡಿತು.

ಆಮೇಲಿನ ಎರಡು ವಾರ ನನ್ನ ಪುಸ್ತಕದಲ್ಲಿದೆ. ಮೊದಲ ಮೂರು ದಿನ ಅವನ ಪರದೆ ಮೊದಲ ಆಟಕ್ಕೇ ಕಪ್ಪು. ನಾಲ್ಕನೆಯ ದಿನ ಎರಡನೇ ಆಟಕ್ಕೆ. ಆರನೆಯ ದಿನ ಐದು ಆಟ ಉಳಿದ. ಬೆಳಿಗ್ಗೆ ನಿಜವಾದ ಬಾಯ್ಲರ್ ಮುಂದೆ, ಸ್ವಿಚ್ಚಿನಿಂದ ನಾಲ್ಕು ಮಾರು ದೂರ ನಿಲ್ಲಿಸಿ, ನಲ್ಲಿ ತಿರುಗಿಸಿದಾಗ ಕೈ ಇನ್ನೂ ಏಳುತ್ತಿತ್ತು. ಆದರೆ ಮಧ್ಯದಲ್ಲಿ ನಿಲ್ಲುತ್ತಿತ್ತು. ಒಂದು ದಿನ ನಿಲ್ಲುವುದು, ಮರುದಿನ ಹೋಗಿಬಿಡುವುದು. ಪರೀಕ್ಷೆಯ ಹಿಂದಿನ ದಿನ ಹತ್ತರಲ್ಲಿ ಎಂಟು ಸಲ ನಿಂತಿತು. ಎರಡು ಸಲ ನಾನು ಹಿಡಿದೆ. ನಾಳೆ ಹಿಡಿಯಲು ನಾನಿರುವುದಿಲ್ಲ.

ಪರೀಕ್ಷೆ ಹರಿಹರದಲ್ಲಿ, ಹೊಳೆಯಾಚೆಯ ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ. ಹೊಳೆ ತುಂಬಿ ಹರಿಯುತ್ತಿತ್ತು, ಸೇತುವೆ ದಾಟುವಾಗ ನಾಗಪ್ಪ ಕೆಂಪು ನೀರನ್ನು ನೋಡುತ್ತ, "ಇಷ್ಟು ನೀರೈತೆ ನೋಡ್ರಿ, ನಂಗ ಬೇಕಾಗಿರೋದು ಅರ್ಧ ಗಾಜು" ಎಂದ.

ಬಾಯಿ ಪರೀಕ್ಷೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಕೈ ಪರೀಕ್ಷೆಗೆ ಹೊರಗಿನವರು ಒಳಗೆ ಬರುವಂತಿರಲಿಲ್ಲ. ನಾನೂ ನಸ್ರೀನಳೂ ತಗಡಿನ ಮಾಡಿನ ಕೆಳಗೆ ನಿಂತೆವು. ಜಾಲರಿ ಹಾಕಿದ ಒಂದು ಕಿಟಕಿಯಿತ್ತು. ಅದರಿಂದ ನಾಗಪ್ಪನ ಬೆನ್ನು, ಅವನ ಬಲಗಡೆ ಸ್ವಿಚ್ಚಿನ ಪೆಟ್ಟಿಗೆ, ಎದುರಿನ ಎರಡು ಗಾಜು, ಪರೀಕ್ಷಕರ ಬಿಳಿ ಹೆಲ್ಮೆಟ್ಟು ಇಷ್ಟು ಕಾಣುತ್ತಿತ್ತು. ಪೆಟ್ಟಿಗೆ ಅವನಿಂದ ಒಂದು ಮೊಳ ದೂರವಿತ್ತು. ನಾವು ಆ ಎರಡು ವಾರ ನಾಲ್ಕು ಮಾರು ದೂರ ನಿಲ್ಲಿಸಿ ಅಭ್ಯಾಸ ಮಾಡಿದ್ದೆವು.

ಪರೀಕ್ಷಕರು ಒತ್ತಡದ ಬಗ್ಗೆ ಕೇಳಿದರು, ವಾಲ್ವಿನ ಬಗ್ಗೆ ಕೇಳಿದರು. ಅವನು ಹೇಳುತ್ತಿದ್ದ. ಆಮೇಲೆ ಅವರು ಮಾತಾಡುತ್ತಲೇ, ಯಾವ ಸೂಚನೆಯೂ ಇಲ್ಲದೆ, ಗಾಜಿನ ಕಡೆಗೆ ಕೈ ಚಾಚಿ ನಲ್ಲಿ ತಿರುಗಿಸಿದರು. ಇನ್ನೊಂದು ಗಾಜನ್ನು ಮೊದಲೇ ಕಾಗದದಿಂದ ಮುಚ್ಚಿದ್ದರು. ಕೊಳವೆ ಬರಿದಾಯಿತು.

"ನೀರು ಹೋಯ್ತಲ್ಲ! ಏನ್ ಮಾಡ್ತೀಯಾ? ಬೇಗ!" ಎಂದು ಗದರಿದರು.

ನಾಗಪ್ಪನ ಬಲ ಭುಜ ಮೇಲೆದ್ದಿತು. ಮೊಣಕೈ ಏರಿತು. ನಸ್ರೀನ್ ನನ್ನ ತೋಳು ಹಿಡಿದಳು. ಅವನ ಬೆರಳುಗಳು ಪೆಟ್ಟಿಗೆಯ ಹತ್ತಿರ, ಒಂದು ಗೇಣು ದೂರದಲ್ಲಿ, ಗಾಳಿಯಲ್ಲಿ ನಿಂತವು. ಎಷ್ಟು ಹೊತ್ತು ಎಂದು ಹೇಳಲಾರೆ. ಜೀವನದಲ್ಲಿ ಅದೊಂದೇ ಸಲ ನಾನು ಗಡಿಯಾರ ನೋಡಲಿಲ್ಲ.

ಆಮೇಲೆ ಆ ಕೈ ನಿಧಾನವಾಗಿ ಹಿಂದಕ್ಕೆ ಬಂತು. ಎರಡೂ ಕೈಗಳು ಬೆನ್ನ ಹಿಂದೆ ಸೇರಿದವು. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿಯಿತು, ನಾನು ಹಿಡಿಯುತ್ತಿದ್ದ ಜಾಗದಲ್ಲೇ. ಬೆರಳ ಗೆಣ್ಣುಗಳು ಬಿಳಿಚಿಕೊಂಡದ್ದು ಜಾಲರಿಯಾಚೆಗೂ ಕಾಣುತ್ತಿತ್ತು.

ಅವನ ದನಿ ಬಾಯ್ಲರ್ ಮನೆಯಿಂದ ಹೊರಗೆಲ್ಲ ಕೇಳಿಸಿತು. "ಹೊಟ್ಟು ಬಂದ್! ಫ್ಯಾನ್ ಬಂದ್! ಪಂಪ್ ಯಾರೂ ಮುಟ್ಟಬ್ಯಾಡ್ರಿ! ಎಲ್ಲಾರೂ ಹೊರಗ ನಡೀರಿ!"

ಪರೀಕ್ಷಕರು ಕದಲದೆ ನಿಂತು ಅವನನ್ನೇ ನೋಡುತ್ತಿದ್ದರು. ನಾಗಪ್ಪ ಅವರ ಕಡೆ ತಿರುಗಿ, ಕೈ ಬಿಡದೆ, ಕಣ್ಣು ಬಿಟ್ಟು ಗದರಿದ.

"ಸಾಹೇಬ್ರೇ, ನಿಮ್ಗೇ ಹೇಳಿದ್ದು. ನೀವೂ ಹೊರಗ ನಡೀರಿ."

ಬಿಳಿ ಹೆಲ್ಮೆಟ್ಟು ಒಂದು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ಇನ್ನೊಂದು.

ಹೋದ ವಾರ ಬಸ್ಸು ನಿಂತಿದ್ದ ಆ ಐದು ನಿಮಿಷ ನಾನು ಗಿರಣಿಯ ಚಿಮಣಿ ನೋಡುತ್ತಿದ್ದೆ. ಎರಡು ಗಂಟೆ ಹತ್ತು ನಿಮಿಷ. ನಾಗಪ್ಪನ ಪಾಳಿ, ಈಗ ಕಾಯಂ. ಇಳಿದು ಹೋಗಿ ಮಾತಾಡಿಸಬಹುದಿತ್ತು. ಇಳಿಯಲಿಲ್ಲ. ಕೆಲಸದಲ್ಲಿರುವವನ ಕಣ್ಣನ್ನು ಗಾಜಿನಿಂದ ತೆಗೆಸಬಾರದು.